ಗುಳೆ ಹೋಗುವ ಮಕ್ಕಳೂ ಸರ್ಕಾರಿ ಶಾಲೆಯೂ



ವಿದ್ಯಾಭ್ಯಾಸದ ಮಾತು ಬಂದಾಗ ನಾವೆಲ್ಲರೂ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಊರಿಗೆ ಶಾಲೆಯುಂಟೆ? ಶಾಲೆಗೆ ಉಪಾಧ್ಯಾಯರುಂಟೆ? ಇವೆರಡಕ್ಕೂ ಹೌದೆಂಬ ಉತ್ತರ ದೊರೆತರೆ ನಮಗೆ ಸಮಾಧಾನವಾಗುತ್ತದೆ. ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವ ಅಭ್ಯಾಸ ನಮಗೆ ಅಷ್ಟಾಗಿ ಇಲ್ಲ. ಶಾಲೆ ತೆರೆದಿರುವ ದಿವಸಗಳಲ್ಲಿ ಮಗು ಊರಿನಲ್ಲಿ ಇರುತ್ತದೆಯೆ? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ಸೀಮೆಯ ಸರ್ಕಾರಿ ಶಾಲೆಗಳ ವಿಷಯವಾಗಿ ಈ ದಿನ ನಾವು ಹೇಳಬೇಕೆಂದಿರುವುದು ಬಹುಮಟ್ಟಿಗೆ ಈ ಮೂರನೆಯ ಪ್ರಶ್ನೆಗೆ ಸಂಬಂಧಿಸಿದುದು.

ಒಂದು ವರ್ಷ ಬನಶಂಕರಿಯ ಜಾತ್ರೆಯ ಗದ್ದಲ ಇಳಿದ ಮೇಲೆ ನಾವು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆವು. ಕಟ್ಟಡ ಚೆನ್ನಾಗಿತ್ತು, ಗೋಡೆಗಳ ಮೇಲೆ ಅಕ್ಷರಮಾಲೆಯನ್ನೂ ಭೂಪಟವನ್ನೂ ಬರೆಸಿದ್ದರು, ಅಡಿಗೆಯ ಮನೆಯಲ್ಲಿ ಬೇಳೆ ಬೇಯುತ್ತಿತ್ತು. ಐದನೆಯ ತರಗತಿಯ ಉಪಾಧ್ಯಾಯಿನಿ ಹಾಜರಿ ಪುಸ್ತಕವನ್ನು ತೆರೆದು ಹೆಸರು ಕೂಗಿದರು. ಆ ಸೀಮೆಯಲ್ಲಿ ಉಪಾಧ್ಯಾಯಿನಿಯರನ್ನು ಅಕ್ಕೋರು ಎಂದು ಕರೆಯುವುದು ವಾಡಿಕೆ. ಕೆಲವು ಹೆಸರುಗಳಿಗೆ "ಹಾಜರ್ರೀ ಅಕ್ಕೋರ" ಎಂಬ ಉತ್ತರ ಬಂದಿತು. ಉಳಿದ ಹೆಸರುಗಳಿಗೆ ಆ ಮಗು ಉತ್ತರ ಕೊಡದೆ ಪಕ್ಕದ ಮಗು ಕೊಟ್ಟಿತು: "ಗೋವಾಕ್ಕ ಹೋಗ್ಯಾನ್ರೀ," "ಮಂಗಳೂರಿಗಿ ಹೋಗ್ಯಾಳ್ರೀ." ಇದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಮಳೆ ಬಂದಿತು, ಮಳೆ ಹೋಯಿತು ಎನ್ನುವಂತೆ ಮಕ್ಕಳು ಅದನ್ನು ಹೇಳಿದರು.

ಹೀಗೆ ಹೋಗಿದ್ದ ಒಬ್ಬ ಹುಡುಗಿಯ ಮನೆಗೆ ಅಕ್ಕೋರೊಡನೆ ನಾವೂ ಹೋದೆವು. ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಳು. ಹುಡುಗಿಯನ್ನಾದರೂ ಬಿಟ್ಟು ಹೋಗಬಹುದಾಗಿತ್ತಲ್ಲ ಎಂದು ಕೇಳಿದುದಕ್ಕೆ ಅವಳು ಹೇಳಿದಳು: "ಬಿಟ್ಟ ಹೋಗ್ತಿದ್ರರೀ ಸಾಹೇಬ್ರ. ಆದರ ಆಕೀ ಕೆಳಗ ಒಂದು ಹಾಲಗೂಸು ಐತಿ. ಅವ್ವ ಕಲ್ಲು ಹೊರಾಕ ಹ್ವಾದ್ರ ಕೂಸು ಹಿಡಿಯಾವ್ರು ಯಾರ್ರೀ?" ಇದಕ್ಕೆ ಅಕ್ಕೋರಾಗಲಿ ನಾವಾಗಲಿ ಉತ್ತರ ಕೊಡಲಾರದೆ ಹೋದೆವು. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಮಾತ್ರ ಇತ್ತು. ಕಾರಣವನ್ನು ಬರೆಯುವುದಕ್ಕೆ ಅದರಲ್ಲಿ ಸ್ಥಳವಿರಲಿಲ್ಲ.

ಜನರು ಗುಳೆ ಹೋಗುವುದು ವಿದ್ಯೆಯಲ್ಲಿ ಅನಾದರವಿರುವುದರಿಂದ ಎಂದು ಪಟ್ಟಣದಲ್ಲಿ ಕುಳಿತವರು ಹೇಳುವುದುಂಟು. ಆ ಮಾತು ನ್ಯಾಯವಲ್ಲ. ಜಮಖಂಡಿ ಮುಧೋಳಗಳ ಕಡೆ ನೀರಾವರಿಯ ಕಬ್ಬಿನ ಗದ್ದೆಗಳುಂಟು. ಬಾದಾಮಿ ಹುನಗುಂದಗಳ ಬಹುಭಾಗ ಮಳೆಯನ್ನೇ ನಂಬಿದ ಬೇಸಾಯ. ಎರೆಯ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳು ಹದಕ್ಕೆ ಬಂದರೆ ಒಂದು ಬೆಳೆ, ಇಲ್ಲದಿದ್ದರೆ ಅದೂ ಇಲ್ಲ. ಸ್ವಂತ ಹೊಲವಿಲ್ಲದವನಿಗೆ ಒಕ್ಕಣೆ ಮುಗಿದ ಮೇಲೆ ಊರಿನಲ್ಲಿ ಕೂಲಿ ದೊರೆಯುವುದು ಕಷ್ಟ. ಆದ್ದರಿಂದ ಸಾಮಾನ್ಯವಾಗಿ ದೀಪಾವಳಿಯ ತರುವಾಯ ಕುಟುಂಬಗಳು ಹೊರಡುತ್ತವೆ. ಮುಂಗಾರಿನ ಹೊತ್ತಿಗೆ ಹಿಂದಿರುಗುತ್ತವೆ. ನಮ್ಮ ಶಾಲೆಯ ವರ್ಷವಾದರೋ ಮುಂಗಾರಿನ ಹೊತ್ತಿಗೆ ಆರಂಭವಾಗಿ ಏಪ್ರಿಲ್ ತಿಂಗಳಿಗೆ ಮುಗಿಯತಕ್ಕದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವರ್ಷದ ಉತ್ತರಾರ್ಧವೆಲ್ಲ, ಪರೀಕ್ಷೆಯೂ ಸೇರಿ, ಈ ಮಕ್ಕಳ ಪಾಲಿಗೆ ಇಲ್ಲವೇ ಇಲ್ಲವೆಂಬುದು ಗೊತ್ತಾಗುತ್ತದೆ. ಕಾಲಮಾನವನ್ನು ಗೊತ್ತುಮಾಡಿದವರು ಒಂದೇ ಊರಿನಲ್ಲಿ ವರ್ಷವಿಡೀ ಇರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಗೊತ್ತುಮಾಡಿದರು.

ಸರ್ಕಾರವು ಏನನ್ನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ೨೦೦೨ರಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟದ ಯೋಜನೆಯು ರಾಜ್ಯದ ಏಳು ಉತ್ತರದ ಜಿಲ್ಲೆಗಳಲ್ಲಿ ಮೊದಲು ಆರಂಭವಾದಾಗ ಅವುಗಳಲ್ಲಿ ಬಾಗಲಕೋಟೆಯೂ ಒಂದಾಗಿತ್ತು. ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಪದ್ಧತಿ ಬಂದು ಹಲವು ವರ್ಷ ನಡೆಯಿತು. ೨೦೧೩ರಲ್ಲಿ ಹಾಲು ಬಂದಿತು. ಆಮೇಲೆ ಮೊಟ್ಟೆ, ಬಾಳೆಯ ಹಣ್ಣು. ಪಠ್ಯಪುಸ್ತಕವೂ ಸಮವಸ್ತ್ರವೂ ಉಚಿತ. ಬರಗಾಲದ ವರ್ಷಗಳಲ್ಲಿ ಬೇಸಿಗೆಯ ರಜೆಯಲ್ಲಿಯೂ ಶಾಲೆಯ ಒಲೆ ಉರಿದುದುಂಟು. ಇವೆಲ್ಲವೂ ಒಳ್ಳೆಯವು. ಬಿಸಿಯೂಟವನ್ನಂತೂ ಹಗುರಾಗಿ ಮಾತನಾಡುವವರು ಅದನ್ನು ಉಣ್ಣಬೇಕಾದ ಹಸಿವನ್ನು ಕಂಡಿಲ್ಲ. ಆದರೂ ೨೦೧೧ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ ೬೮.೮೨ ಮಂದಿ, ರಾಜ್ಯದಲ್ಲಿ ೭೫.೩೬ ಮಂದಿ. ಜಿಲ್ಲೆಯ ಗಂಡಸರಲ್ಲಿ ೭೯.೨೩, ಹೆಂಗಸರಲ್ಲಿ ೫೮.೪೦. ಹಾಲುಗೂಸನ್ನು ಹಿಡಿದುಕೊಂಡು ಗೋವೆಯ ಬಿಸಿಲಿನಲ್ಲಿ ಕುಳಿತಿರುವ ಆ ಹುಡುಗಿಯನ್ನು ನೆನೆದರೆ ಗಂಡಸರಿಗೂ ಹೆಂಗಸರಿಗೂ ನಡುವಣ ಈ ಇಪ್ಪತ್ತು ಅಂಶಗಳ ಅಂತರದ ಒಂದು ಮೂಲ ನಮಗೆ ಕಾಣುತ್ತದೆ. ಹಾಲೂ ಮೊಟ್ಟೆಯೂ ಪುಸ್ತಕವೂ ಶಾಲೆಗೆ ಬಂದ ಮಗುವಿಗೆ ದೊರೆಯುತ್ತವೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದರೂ, ಬಾರದ ಮಗುವಿನ ಪಾಲು ಸೊನ್ನೆ.

ಹಾಗಾದರೆ ಆ ಹುಡುಗಿಯ ವಿದ್ಯೆಗೆ ಅಡ್ಡ ಬಂದುದು ಯಾವುದು? ತೊಟ್ಟಿಲೊಂದು ಇಲ್ಲದೆ ಹೋದುದು. ಕಟ್ಟಡ ಕೆಲಸಗಾರರ ೧೯೯೬ರ ಕಾಯ್ದೆಯಲ್ಲಿ, ಐವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುವಿಹಾರವನ್ನು ಏರ್ಪಡಿಸಬೇಕೆಂಬ ವಿಧಿಯಿತ್ತು. ನಮ್ಮ ಸೀಮೆಯ ಕುಟುಂಬಗಳು ಹೋಗುವುದು ಬಹುಮಟ್ಟಿಗೆ ಸಣ್ಣ ಗುತ್ತಿಗೆದಾರರ ಕೈಕೆಳಗೆ. ಒಂದೊಂದು ಕಡೆ ಎಂಟು ಜನ, ಹತ್ತು ಜನ. ಐವತ್ತರ ಲೆಕ್ಕ ಅಲ್ಲಿ ಎಂದಿಗೂ ಆಗುವುದಿಲ್ಲ. ಕರ್ಣಾಟಕದಲ್ಲಿ ೨೦೨೩ರ ಆಯವ್ಯಯದಲ್ಲಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಪ್ರಕಟಿಸಿದರು. ಇದು ಶಿಶುಗಳಿಗಾಗಿ ಮಾಡಿದ ಏರ್ಪಾಡೆಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ಮಟ್ಟಿಗೆ ಅದು ಶಿಶುವಿನ ಅಕ್ಕನಿಗಾಗಿ ಮಾಡಿದ ಶಾಲೆಯ ಏರ್ಪಾಡು. ಕೂಸಿನ ಮನೆ ಎಲ್ಲಿ ಚೆನ್ನಾಗಿ ನಡೆಯುತ್ತದೆಯೋ ಅಲ್ಲಿ ಐದನೆಯ ತರಗತಿಯ ಹುಡುಗಿಯರ ಹಾಜರಿಯನ್ನು ತೆಗೆದು ನೋಡಬೇಕೆಂದು ವಿದ್ಯಾ ಇಲಾಖೆಯವರನ್ನು ನಾವು ಪ್ರಾರ್ಥಿಸುತ್ತೇವೆ. ಒಂದು ಇಲಾಖೆಯವರ ತೊಟ್ಟಿಲು ಇನ್ನೊಂದು ಇಲಾಖೆಯವರ ಹಾಜರಿಯನ್ನು ಹೆಚ್ಚಿಸಬಲ್ಲುದೆಂಬುದು ಕಚೇರಿಗಳಲ್ಲಿ ಸುಲಭವಾಗಿ ಹೊಳೆಯುವ ಸಂಗತಿಯಲ್ಲ.

ತಾಯಿತಂದೆಗಳು ಹೋದರೂ ಮಕ್ಕಳು ಊರಿನಲ್ಲಿಯೇ ಉಳಿಯುವಂತೆ ಋತುಮಾನದ ವಸತಿ ನಿಲಯಗಳನ್ನು ನಡೆಸುವ ಅವಕಾಶ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದಲೂ ಉಂಟು. ಉಪಾಯವು ಸರಳವಾದುದು. ಗುಳೆಯ ತಿಂಗಳುಗಳಲ್ಲಿ ಶಾಲೆಯಲ್ಲಿಯೋ ಅದರ ಬಳಿಯಲ್ಲಿಯೋ ಮಕ್ಕಳಿಗೆ ರಾತ್ರಿಯ ಊಟ, ಹಾಸಿಗೆ, ನೋಡಿಕೊಳ್ಳುವವರೊಬ್ಬರು. ಹಗಲು ಎಂದಿನಂತೆ ಪಾಠ. ಆದರೆ ತಾಯಿಯಾದವಳು ತನ್ನ ಮಗಳನ್ನು ಯಾವುದೋ ಕಟ್ಟಡದಲ್ಲಿ ಬಿಟ್ಟು ಹೋಗುವುದಿಲ್ಲ. ಯಾರು ಅಡಿಗೆ ಮಾಡುತ್ತಾರೆ, ರಾತ್ರಿ ಬಾಗಿಲ ಬಳಿ ಯಾರು ಮಲಗುತ್ತಾರೆ, ಜ್ವರ ಬಂದರೆ ಯಾರಿಗೆ ತಿಳಿಸುತ್ತಾರೆ, ಇವುಗಳನ್ನು ಅವಳು ಹೊರಡುವ ಮೊದಲೇ ಕಣ್ಣಿನಿಂದ ನೋಡಿರಬೇಕು. ಊರಿನವಳೇ ಆದ, ಮಕ್ಕಳು ಅತ್ತೆಯೆಂದೋ ಆಯಿಯೆಂದೋ ಕರೆಯಬಹುದಾದ ಹೆಂಗಸೊಬ್ಬಳು ಅಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ. ೨೦೦೧ರಿಂದ ಪ್ರತಿ ಸರ್ಕಾರಿ ಶಾಲೆಗೂ ತಾಯಿತಂದೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದನ್ನು ಏರ್ಪಡಿಸಿದ್ದಾರಷ್ಟೆ. ಆ ಸಮಿತಿಗೆ ಇದಕ್ಕಿಂತ ತಕ್ಕ ಕೆಲಸ ಬೇರೊಂದಿಲ್ಲ.

ಉಳಿಯಲಾರದೆ ಹೋದ ಮಕ್ಕಳು ಹಿಂದಿರುಗಿದ ಮೇಲೆ ಏನಾಗುತ್ತದೆ? ಪುಸ್ತಕದ ಪಾಠ ಮುಂದೆ ಹೋಗಿರುತ್ತದೆ. ಮಗು ಹಿಂದೆ ನಿಂತಿರುತ್ತದೆ. ಇಲ್ಲಿ ಮೈಸೂರಿನ ಕಡೆಯ ಒಂದು ಪ್ರಯೋಗ ನೆನಪಿಗೆ ಬರುತ್ತದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ರಿಷಿ ವ್ಯಾಲಿಯ ಶಾಲೆಗಳಲ್ಲಿ ಕಂಡ ಕ್ರಮವನ್ನು ತಮ್ಮ ಮಕ್ಕಳಿಗೆ ಹೊಂದಿಸಿಕೊಂಡು ನಲಿ-ಕಲಿ ಎಂಬ ಪದ್ಧತಿಯನ್ನು ರೂಪಿಸಿದರು. ೨೦೦೯ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೂ ಬಂದಿತು. ಅದರಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಪ್ರತಿಯೊಂದು ಮಗುವೂ ತಾನು ನಿಂತ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಹತ್ತುತ್ತದೆ. ನಾಲ್ಕು ತಿಂಗಳು ಊರಿನಲ್ಲಿಲ್ಲದ ಮಗು ಹಿಂದಿರುಗಿ ಬಂದು ತಾನು ಬಿಟ್ಟು ಹೋದ ಮೆಟ್ಟಿಲನ್ನೇ ಹುಡುಕಿಕೊಳ್ಳಬಹುದು. ಈ ಪದ್ಧತಿಯನ್ನು ಸಂತೋಷದಿಂದ ಕಲಿಯುವ ಉಪಾಯವೆಂದು ಹೊಗಳಿದವರು ಬಹಳ ಮಂದಿ. ಗುಳೆ ಹೋಗುವ ಮಗುವಿಗೆ ಇದಕ್ಕಿಂತ ಅನುಕೂಲವಾದ ಕ್ರಮವಿಲ್ಲವೆಂಬುದನ್ನು ಹೇಳಿದವರು ಕಡಮೆ. ಆದರೆ ಏಣಿಯು ಮೂರನೆಯ ತರಗತಿಗೆ ಮುಗಿದುಹೋಗುತ್ತದೆ. ನಾಲ್ಕರಿಂದ ಮುಂದೆ ಎಲ್ಲರಿಗೂ ಒಂದೇ ಪಾಠ, ಒಂದೇ ದಿವಸ. ಕೂಸನ್ನು ಎತ್ತಿಕೊಳ್ಳುವಷ್ಟು ಹುಡುಗಿ ದೊಡ್ಡವಳಾಗುವುದೂ ಆ ವಯಸ್ಸಿನಲ್ಲಿಯೇ. ಏಣಿಯನ್ನು ಏಳನೆಯ ತರಗತಿಯವರೆಗೆ, ಹೆಚ್ಚಲ್ಲದಿದ್ದರೂ ಕನ್ನಡಕ್ಕೂ ಗಣಿತಕ್ಕೂ ಮಾತ್ರವಾದರೂ, ಮುಂದುವರಿಸಿದರೆ ಏನು ನಷ್ಟವೋ ನಾವರಿಯೆವು.

ಗೋವೆಯ ವಾಸ್ಕೋ ಪಟ್ಟಣದ ಆಸುಪಾಸಿನಲ್ಲಿ ಕನ್ನಡ ಕೂಲಿಕಾರರ ನೆಲೆಗಳೇ ಉಂಟು. ಆ ರಾಜ್ಯದಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ನಡೆದುಬಂದಿವೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯ್ದೆಯ ಮೇರೆಗೆ, ವರ್ಗಾವಣೆಯ ಪತ್ರ ತಡವಾಯಿತೆಂಬ ನೆಪದಿಂದ ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರಲಾಗದು. ವರ್ಷದ ನಡುವೆ ಬಂದಿತೆಂದೂ ಹಿಂದಕ್ಕೆ ಕಳುಹಿಸಲಾಗದು. ಈ ಸಂಗತಿಯನ್ನು ಊರು ಬಿಡುವ ತಂದೆಗೆ ಹೇಳುವವರು ಯಾರು? ಕರ್ಣಾಟಕದಲ್ಲಿ ಪ್ರತಿಯೊಂದು ಮಗುವಿಗೂ ಎಸ್.ಎ.ಟಿ.ಎಸ್. ಎಂಬ ಲೆಕ್ಕದಲ್ಲಿ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಆ ಸಂಖ್ಯೆಯನ್ನೂ ಮಗು ಎಷ್ಟು ಕಲಿತಿದೆಯೆಂಬ ನಾಲ್ಕು ಸಾಲುಗಳನ್ನೂ ಒಂದು ಚೀಟಿಯಲ್ಲಿ ಬರೆದು ಹೊರಡುವವರ ಕೈಗೆ ಕೊಟ್ಟರೆ ಅತ್ತಣ ಉಪಾಧ್ಯಾಯರಿಗೆ ದಾರಿಯಾಗುತ್ತದೆ. ಇಳಕಲ್ಲು ಸೀರೆಯ ನೇಯ್ಗೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದನ್ನು ನೀವು ಕೇಳಿರಬಹುದು. ಎರಡು ಊರುಗಳ ಶಾಲೆಗಳಿಗೆ ನಡುವೆ ಅಂಥ ಕೊಂಡಿಯೊಂದು ಬೇಕಾಗಿದೆ.

ಸೀರೆಯ ಮಾತು ಬಂದುದರಿಂದ ಇಳಕಲ್ಲಿನ ಮನೆಗಳನ್ನೂ ನೋಡೋಣ. ಅಲ್ಲಿ ಮಗು ಊರು ಬಿಟ್ಟು ಹೋಗುವುದಿಲ್ಲ, ಮನೆಯೇ ಕಾರ್ಖಾನೆ. ಕುಣಿಮಗ್ಗದಲ್ಲಿ ತಂದೆ, ನೂಲಿನ ಪೂರ್ವಸಿದ್ಧತೆಯಲ್ಲಿ ತಾಯಿ, ಕಂಡಿಕೆ ಸುತ್ತುವುದಕ್ಕೆ ಮಗು. ೨೦೧೬ರಲ್ಲಿ ಬಾಲಕಾರ್ಮಿಕರ ಕಾಯ್ದೆಯನ್ನು ತಿದ್ದಿದಾಗ, ಶಾಲೆಯ ವೇಳೆ ಕಳೆದ ಮೇಲೆ ಮನೆಯ ಕಸುಬಿಗೆ ಮಕ್ಕಳು ನೆರವಾಗಬಹುದೆಂದು ಬರೆದರು. ತಂದೆಯ ಕಸುಬನ್ನು ಮಗ ಕಲಿಯುವುದರಲ್ಲಿ ತಪ್ಪಿಲ್ಲ, ಅದೂ ವಿದ್ಯೆಯೇ. ಆದರೆ ಲಗ್ನದ ಕಾಲದಲ್ಲಿ ಸೀರೆಗೆ ಬೇಡಿಕೆ ಬಂದಾಗ ಶಾಲೆಯ ವೇಳೆ ಎಲ್ಲಿ ಮುಗಿಯಿತು, ಕಸುಬಿನ ವೇಳೆ ಎಲ್ಲಿ ಆರಂಭವಾಯಿತು ಎಂದು ಬಾಗಿಲ ಹೊರಗೆ ನಿಂತ ಅಧಿಕಾರಿ ಹೇಳಲಾರನು. ರಾತ್ರಿ ಹತ್ತರವರೆಗೆ ಕಂಡಿಕೆ ಸುತ್ತಿದ ಹುಡುಗ ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಾನೆ. ಅವನಿಗೂ ಹಾಜರಿಯ ಗುರುತೇ ಬೀಳುತ್ತದೆ. ಮನೆಯ ಆದಾಯ ಸಾಲದೆ ಹೋಗುವುದಕ್ಕೆ ನೂಲಿನ ಬೆಲೆಯೊಂದೇ ಕಾರಣವಲ್ಲವೆಂಬುದನ್ನು ಅದೇ ಊರಿನ ವಿಜಯಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಬಲ್ಲವರಾಗಿದ್ದರು. ೧೯೭೫ರಿಂದ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಹಣವನ್ನು ಬೇಡದೆ ಕುಡಿತವೇ ಮೊದಲಾದ ಚಟಗಳನ್ನು ಬೇಡಿದರು. ಗಂಡನು ಕುಡಿತವನ್ನು ಆ ಜೋಳಿಗೆಗೆ ಹಾಕಿದ ಮನೆಯಲ್ಲಿ ಮಗುವಿನ ಕೈಯಿಂದ ಕಂಡಿಕೆ ಎಷ್ಟು ಬೇಗ ಇಳಿದಿತೆಂಬುದನ್ನು ಲೆಕ್ಕವಿಟ್ಟವರಿಲ್ಲ.

ಭಾಷೆಯ ವಿಷಯವಾಗಿ ಒಂದೆರಡು ಮಾತು. ಬಾದಾಮಿಯ ಸಮೀಪದ ಪಟ್ಟದಕಲ್ಲೇ ಹಿಂದಿನ ಕಿಸುವೊಳಲು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ನಾಡಿನ ಗುರುತಾಗಿ ಹೆಸರಿಸಿದ ಊರುಗಳಲ್ಲಿ ಅದು ಒಂದು. ಇಂದು ಆ ನಾಡಿನ ಮಗುವೇ "ಬರತೇನ್ರೀ" ಎಂದರೆ ಅದು ತಪ್ಪು, ಪುಸ್ತಕದಲ್ಲಿರುವಂತೆ ಹೇಳು ಎನ್ನುತ್ತೇವೆ. ಅಜ್ಜಿಯ ಮಾತು ತಪ್ಪೆಂದು ಮೊದಲನೆಯ ದಿವಸವೇ ಕೇಳಿದ ಮಗು ಆಮೇಲೆ ಬಾಯಿ ಬಿಡುವುದಿಲ್ಲ. ಲಂಬಾಣಿ ತಾಂಡಾದ ಮಗುವಿಗಂತೂ ಈ ಎರಡು ಕನ್ನಡಗಳೂ ಹೊಸವು. ಮೊದಲ ಎರಡು ವರ್ಷ ಮಗು ತನ್ನ ಮಾತಿನಲ್ಲಿಯೇ ಉತ್ತರ ಹೇಳಲಿ. ಇದಕ್ಕೆ ಹಣ ಬೇಡ, ಮಂಜೂರಾತಿಯೂ ಬೇಡ.

ಹಾಜರಿ ಪುಸ್ತಕದ ಜೊತೆಗೇ ಇರುವ ದಾಖಲೆಯ ಪುಸ್ತಕದಲ್ಲಿ ತಂದೆಯ ಹೆಸರಿನ ಕಲಮೊಂದು ಉಂಟು. ದೇವದಾಸಿಯರನ್ನಾಗಿ ಬಿಡುವುದನ್ನು ರಾಜ್ಯವು ೧೯೮೨ರ ಕಾಯ್ದೆಯಿಂದ ನಿಷೇಧಿಸಿತು. ಆ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು ಉತ್ತರ ಕರ್ಣಾಟಕದ ಶಾಲೆಗಳಲ್ಲಿ ಓದಿದ್ದಾರೆ. ಇಡೀ ತರಗತಿಯ ಮುಂದೆ ತಂದೆಯ ಹೆಸರೇನು ಎಂದು ಗಟ್ಟಿಯಾಗಿ ಕೇಳದೆ, ತಾಯಿಯ ಹೆಸರನ್ನು ಬರೆದುಕೊಂಡು ಮುಂದಕ್ಕೆ ಹೋದ ಉಪಾಧ್ಯಾಯರು ಒಂದು ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡರೆಂದೇ ನಾವು ಎಣಿಸುತ್ತೇವೆ.

ಮಕ್ಕಳು ಮಾತ್ರ ಊರು ಬಿಡುವರೆಂದಲ್ಲ. ಈ ಸೀಮೆಯಲ್ಲಿ ಊರುಗಳೇ ಸ್ಥಳ ಬಿಟ್ಟಿವೆ. ಆಲಮಟ್ಟಿಯ ಜಲಾಶಯದಿಂದ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಅನೇಕ ಹಳ್ಳಿಗಳೂ ಮುಳುಗಿ, ನವನಗರವೂ ಪುನರ್ವಸತಿ ಕೇಂದ್ರಗಳೂ ಎದ್ದುವು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆ ಉಕ್ಕಿದಾಗ ಶಾಲೆಗಳು ಗಂಜಿಕೇಂದ್ರಗಳಾದುವು. ಇದರ ಕಥೆ ದೊಡ್ಡದು. ಅದಕ್ಕೆ ಬೇರೆಯ ಭಾಷಣವೇ ಬೇಕು.

ಗಡಿಯ ವಿಚಾರವೊಂದನ್ನು ಮಾತ್ರ ಬಿಡಲಾಗದು. ಇಳಕಲ್ಲಿನಿಂದ ತೆಂಕಣಕ್ಕೆ ಸ್ವಲ್ಪ ದೂರ ನಡೆದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು. ೧೯೫೬ಕ್ಕೆ ಮೊದಲು ಅತ್ತಕಡೆ ಹೈದರಾಬಾದು ಸಂಸ್ಥಾನದಲ್ಲಿದ್ದ ನಾಡು, ಇತ್ತಕಡೆ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಹೈದರಾಬಾದಿಗೆ ಸೇರಿದ್ದ ಜಿಲ್ಲೆಗಳಿಗೆ ೨೦೧೨ರಲ್ಲಿ ಅಂಗೀಕಾರವಾದ ಸಂವಿಧಾನದ ತಿದ್ದುಪಡಿಯಿಂದ, ೩೭೧-ಜೆ ವಿಧಿಯ ಮೇರೆಗೆ, ಕಾಲೇಜುಗಳಲ್ಲಿಯೂ ಸರ್ಕಾರಿ ಉದ್ಯೋಗಗಳಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಅಭಿವೃದ್ಧಿಗೆಂದು ಬೇರೆ ಮಂಡಲಿಯೂ ಆಯಿತು. ಅದೇ ಮಳೆ, ಅದೇ ಜೋಳ, ಅದೇ ಗುಳೆ. ಗೆರೆಯ ಈಚೆಗಿನ ಮಗುವಿಗೆ ಅದು ಅನ್ವಯಿಸುವುದಿಲ್ಲ. ಆಚೆಯವರಿಗೆ ಸಿಕ್ಕಿದುದನ್ನು ಕಡಮೆ ಮಾಡಬೇಕೆಂಬ ಅಭಿಪ್ರಾಯ ನಮ್ಮದಲ್ಲ. ಹಳೆಯ ಸಂಸ್ಥಾನದ ಎಲ್ಲೆಯ ಬದಲು ಒಂದು ಶಾಲೆಯಿಂದ ಎಷ್ಟು ಮಕ್ಕಳು ಮಾಘಮಾಸದಲ್ಲಿ ಕಾಣೆಯಾಗುತ್ತಾರೆಂಬ ಲೆಕ್ಕವನ್ನು ಹಿಡಿದು ನೆರವನ್ನು ಹಂಚಿದರೆ ಹುನಗುಂದದ ಹಳ್ಳಿಗೂ ಕುಷ್ಟಗಿಯ ಹಳ್ಳಿಗೂ ಭೇದ ಉಳಿಯುವುದಿಲ್ಲ.

ಅಂಥ ಲೆಕ್ಕವನ್ನು ಕೊಡುವುದಕ್ಕೆ ಧೈರ್ಯ ಬೇಕು. ೨೦೨೪ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳನ್ನು ಕ್ಯಾಮೆರಾಗಳ ಮೂಲಕ ಕಾವಲು ಕಾದರು. ಹಿಂದಿನ ವರ್ಷ ರಾಜ್ಯದಲ್ಲಿ ನೂರಕ್ಕೆ ೮೩.೮೯ ಮಂದಿ ತೇರ್ಗಡೆಯಾಗಿದ್ದರೆ, ಆ ವರ್ಷ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ ೭೩.೪೦ ಮಂದಿ. ಬಹಳ ಜನ ಇದನ್ನು ಅವಮಾನವೆಂದರು. ಎಂಟು ತಿಂಗಳು ಗೈರುಹಾಜರಾದ ಮಗುವನ್ನು ಹಾಜರೆಂದು ಬರೆಯುವ ಪುಸ್ತಕವೂ, ಕಲಿಯದ ಮಗುವನ್ನು ಕಲಿತಿದೆಯೆಂದು ಹೇಳುವ ಫಲಿತಾಂಶವೂ ಒಂದೇ ಜಾತಿಯವು. ಗೈರುಹಾಜರಿಯನ್ನು ಇದ್ದಂತೆ ಬರೆದ ಉಪಾಧ್ಯಾಯರಿಗೆ ನೋಟೀಸು ಬರುವಂತಿದ್ದರೆ ಯಾರೂ ಇದ್ದಂತೆ ಬರೆಯುವುದಿಲ್ಲ. ನಾವು ಕಂಡ ಆ ಅಕ್ಕೋರು ಮಾತ್ರ ಇದ್ದಂತೆಯೇ ಬರೆದಿದ್ದರು. ಅದರ ಜೊತೆಗೆ ತಮ್ಮದೇ ಒಂದು ಚಿಕ್ಕ ಪುಸ್ತಕವನ್ನೂ ಇಟ್ಟುಕೊಂಡಿದ್ದರು. ಅದರಲ್ಲಿ ಯಾವ ಮನೆಯವರು ಎಲ್ಲಿಗೆ ಹೋದರು, ಯಾವ ದೂರವಾಣಿಗೆ ಮಾತನಾಡಿದರೆ ಮಗು ಸಿಕ್ಕೀತು, ಮಗು ಯಾವ ಪಾಠದವರೆಗೆ ಓದಿತ್ತು ಎಂಬುದೆಲ್ಲ ಪೆನ್ಸಿಲಿನಲ್ಲಿ ಬರೆದಿತ್ತು.

ಆ ಪುಸ್ತಕವನ್ನು ತೋರಿಸುತ್ತ ಅವರು ನಮಗೆ ಹೇಳಿದ ಮಾತು ಇಷ್ಟೆ: ವಸತಿ ನಿಲಯದ ಮಂಜೂರಾತಿ ಮಹಾನವಮಿಯೊಳಗೆ ಕೈಗೆ ಬರಬೇಕು, ದೀಪಾವಳಿ ಕಳೆದ ಮೇಲೆ ಬಂದರೆ ಊರಿನಲ್ಲಿ ಕೇಳಿಸಿಕೊಳ್ಳುವವರು ಇರುವುದಿಲ್ಲ.